ಕಾಲಿನ ನರ ಕೈಗೆ: ನರ ಕಸಿಯ ಲೆಕ್ಕ

ಕಳೆದ ವರ್ಷ ಈದ್ ರಜೆಯಲ್ಲಿ ಮನೆಯವರೆಲ್ಲ ಗೋಕರ್ಣದ ಓಂ ಬೀಚಿಗೆ ಹೋಗಿದ್ದೆವು. ಅಲ್ಲಿನ ಬಂಡೆಗಳ ಮೇಲೆ ನಮ್ಮ ಖಾಲಾ ಅವರ ಮಗ, ಅಂದರೆ ನನ್ನ ಭಾಯಿ, ಜಾರಿ ಬಿದ್ದರು. ಯಾರೋ ಎಸೆದಿದ್ದ ಒಡೆದ ಬಾಟಲಿ ಮಣಿಕಟ್ಟನ್ನು ಸೀಳಿತು. ಒಂದು ಕ್ಲಿನಿಕ್‌ನಲ್ಲಿ ಹೊಲಿಗೆ ಹಾಕಿದರು. ಗಾಯ ಬೇಗ ಒಣಗಿತು. ಆದರೆ ಕಿರುಬೆರಳು ಜೋಮು ಹಿಡಿದಂತೆಯೇ ಇತ್ತು. "ಮೆಲ್ಲಗೆ ಸರಿಹೋಗುತ್ತದೆ" ಎಂದು ನಾವೂ ಸುಮ್ಮನಿದ್ದೆವು. ಮೂರು ತಿಂಗಳಾದ ಮೇಲೆ ಎರಡು ಬೆರಳು ಕೊಕ್ಕೆಯಂತೆ ಬಾಗಿದಾಗ ದೊಡ್ಡ ಆಸ್ಪತ್ರೆಗೆ ಹೋದೆವು. ಚರ್ಮ ಕೂಡಿಕೊಂಡಿತ್ತು, ಒಳಗಿನ ಅಲ್ನರ್ ನರ ತುಂಡಾಗಿಯೇ ಇತ್ತು.

ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಈ ವಿಷಯ ಓದಿ ತಿಳಿದುಕೊಂಡೆ.

ನರ ಎಂದರೆ ಸಾವಿರಾರು ಎಳೆಗಳ ಕಟ್ಟು. ಅದು ತುಂಡಾದರೆ ಬೆರಳಿನ ಕಡೆಗಿರುವ ಎಳೆಗಳು ಸಾಯುತ್ತವೆ. ಇದನ್ನು 1850ರಲ್ಲಿ ಅಗಸ್ಟಸ್ ವಾಲರ್ ವಿವರಿಸಿದರು. ಆದರೆ ಎಳೆಗಳ ಹೊರಗವಚ ಖಾಲಿ ಕೊಳವೆಯಂತೆ ಉಳಿಯುತ್ತದೆ. ಅದರಲ್ಲಿರುವ ಶ್ವಾನ್ ಕೋಶಗಳು ಹೊಸ ಎಳೆಗಳಿಗೆ ದಾರಿ ತೋರುತ್ತವೆ. ಕೂಡಲೇ ಗೊತ್ತಾದರೆ ಎರಡು ತುದಿಗಳನ್ನು ನೇರವಾಗಿ ಹೊಲಿಯಬಹುದು. ತಡವಾದರೆ ತುದಿಗಳು ಹಿಂದೆ ಸರಿದು ನಡುವೆ ಅಂತರ ಬೀಳುತ್ತದೆ. ಬಲವಂತವಾಗಿ ಎಳೆದು ಹೊಲಿದರೆ ನರಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ.

ಆಗ ಬೇಕಾಗುವುದೇ ನರ ಕಸಿ. ಹೆಚ್ಚಾಗಿ ರೋಗಿಯ ಮೀನಖಂಡದ ಹಿಂದಿರುವ ಸುರಲ್ ನರದ ತುಂಡನ್ನು ತೆಗೆದು ಸೇತುವೆಯಂತೆ ಕೂಡಿಸುತ್ತಾರೆ. ಸ್ವಂತ ನರವಾದ್ದರಿಂದ ದೇಹ ಅದನ್ನು ತಿರಸ್ಕರಿಸುವುದಿಲ್ಲ. ಇದೇನೂ ಪುಕ್ಕಟೆಯಲ್ಲ. ಪಾದದ ಹೊರ ಅಂಚಿನ ಸ್ಪರ್ಶ ಹೋಗುತ್ತದೆ, ನಡೆಯಲು ಮಾತ್ರ ತೊಂದರೆಯಿಲ್ಲ. ನಮ್ಮ ಲೆಕ್ಕಶಾಸ್ತ್ರದ ಹಾಗೆಯೇ: ಕೈ ಖಾತೆಗೆ ಜಮೆ ಆಗಬೇಕಾದರೆ ಕಾಲಿನ ಖಾತೆಯಲ್ಲಿ ಖರ್ಚು ಬೀಳಲೇಬೇಕು.

ಇನ್ನು ಸಮಯದ ಲೆಕ್ಕ. ಹೊಸ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ 18 ಸೆಂಟಿಮೀಟರ್ ಎಂದುಕೊಂಡರೆ 180 ದಿನ, ಅಂದರೆ ಆರು ತಿಂಗಳು. ಆದರೆ ಸ್ನಾಯುಗಳು ಕೊನೆಯವರೆಗೂ ಕಾಯುವುದಿಲ್ಲ. ಒಂದು, ಒಂದೂವರೆ ವರ್ಷ ನರದ ಸಂಪರ್ಕವಿಲ್ಲದಿದ್ದರೆ ಅವು ಮರಳಿ ಕೆಲಸಕ್ಕೆ ಬರುವುದು ಕಷ್ಟ. ನಾವು ಸುಮ್ಮನೆ ಕಳೆದ ಮೂರು ತಿಂಗಳು ಆ ಬಂಡವಾಳದಿಂದಲೇ ಹೋದವು.

ನಮ್ಮ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಎಂದು ಅಲೆಯುತ್ತಾರೆ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ನಡೆದ ಅಭಿಯಾನ ಎಲ್ಲರಿಗೂ ನೆನಪಿದೆ. ದೂರ ಹೋಗಬೇಕಾದವರು ಬೇಗ ಹೊರಡಬೇಕು.

ಆದ್ದರಿಂದ ಗೆಳೆಯರೇ, ಗಾಜು, ಮೀನಿನ ಕತ್ತಿ, ಯಂತ್ರ ಯಾವುದರಿಂದ ಗಾಯವಾದರೂ ರಕ್ತ ನಿಂತ ಮೇಲೆ ಎರಡು ವಿಷಯ ನೋಡಿ. ಕಣ್ಣು ಮುಚ್ಚಿದಾಗ ಪ್ರತಿ ಬೆರಳಿಗೂ ಸ್ಪರ್ಶ ತಿಳಿಯುತ್ತದೆಯೇ? ಬೆರಳುಗಳನ್ನು ಅಗಲಿಸಲು, ಮಡಚಲು ಆಗುತ್ತದೆಯೇ? ಇಲ್ಲವೆಂದಾದರೆ ಹೊಲಿಗೆ ಹಾಕುವ ಮೊದಲೇ ವೈದ್ಯರಿಗೆ ಹೇಳಿ.

ಭಾಯಿಗೆ ಕಸಿಯಾಗಿ ಎಂಟು ತಿಂಗಳಾಯಿತು. ಬೆರಳು ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ಮೊನ್ನೆ ಬಿಸಿ ಚಹಾದ ಲೋಟ ಕಿರುಬೆರಳಿಗೆ ತಾಗಿದಾಗ "ಹಾಯ್" ಎಂದು ಕೈ ಎಳೆದುಕೊಂಡರು. ಖಾಲಾ ಖುಷಿಯಿಂದ ಅತ್ತರು.