ಹೊಳೆಯಾಚೆಯ ನಗರ: ಉಳ್ಳಾಲದ ಚರಿತ್ರೆಯೂ ಜನಸಂಖ್ಯೆಯೂ

ಭೂಗೋಳದ ತರಗತಿಯಲ್ಲಿ ನಾವು ಒಮ್ಮೆ, "ಉಳ್ಳಾಲವೆಂಬದು ಎಲ್ಲಿರುವದು?" ಎಂದು ಕೇಳಿದಾಗ ಒಬ್ಬ ಹುಡುಗಿಯು ಎದ್ದು, "ಮಂಗಳೂರಿನ ಹೊಳೆಯಾಚೆ" ಎಂದಳು. ಹಿಂದಿನ ಬೆಂಚಿನಲ್ಲಿ, ಉಳ್ಳಾಲದಿಂದ ದಿನಾಲು ಬರುವ ಹುಡುಗಿಯೊಬ್ಬಳಿದ್ದಳು. ಅವಳು ಮೆಲ್ಲನೆ, "ಟೀಚರೇ, ನಮಗೆ ಮಂಗಳೂರೇ ಹೊಳೆಯಾಚೆ" ಅಂದಳು. ಅಂದಿನ ಪಾಠವನ್ನು ಕಲಿಸಿದವಳು ಅವಳೇ ಎಂದು ನಾವು ಒಪ್ಪಬೇಕು. ದೊಡ್ಡ ನಗರದ ಮಗ್ಗುಲಲ್ಲಿರುವ ಚಿಕ್ಕ ನಗರವನ್ನು ನಾವು ಯಾವಾಗಲೂ ದೊಡ್ಡದರ ದಡದಲ್ಲಿ ನಿಂತೇ ನೋಡುತ್ತೇವೆ. ಈ ಲೇಖನದಲ್ಲಿ ಆಚೆ ದಡಕ್ಕೆ ಹೋಗಿ ನೋಡೋಣ.

ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರವನ್ನು ಸೇರುವ ಅಳಿವೆಯ ತೆಂಕು ದಿಕ್ಕಿನಲ್ಲಿ ಉಳ್ಳಾಲವಿರುತ್ತದೆ. ಪಡುವಲಲ್ಲಿ ಕಡಲು, ಬಡಗಲಲ್ಲಿ ಹೊಳೆ. ಹದಿನಾರನೆಯ ಶತಮಾನದಲ್ಲಿ ಇದು ಚೌಟರೆಂಬ ಜೈನ ಅರಸರ ರೇವುಪಟ್ಟಣವಾಗಿತ್ತು. ಅವರಲ್ಲಿ ಅಳಿಯಸಂತಾನದ ಕಟ್ಟಳೆಯಿದ್ದದರಿಂದ ಹಕ್ಕು ತಾಯಿಯ ಕಡೆಯಿಂದ ಬರುತ್ತಿತ್ತು. ಆದಕಾರಣ ಹೆಂಗಸರೂ ಪಟ್ಟಕ್ಕೆ ಬಂದರು. ಪೋರ್ತುಗೀಸರು ೧೫೬೮ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಆ ಕಾಲದಲ್ಲಿ ಅವರಿಗೆ ಕಪ್ಪ ಕೊಡಲೊಪ್ಪದೆ ಕಾದಿದ ರಾಣಿ ಅಬ್ಬಕ್ಕನ ಹೆಸರು ನಮ್ಮ ಮಕ್ಕಳೆಲ್ಲರಿಗೂ ಗೊತ್ತುಂಟು.

ಇಲ್ಲಿ ಒಂದು ಚಿಕ್ಕ ಲೆಕ್ಕವುಂಟು. ರೋಮಾಪುರಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿಯು ೧೬೨೩ರಲ್ಲಿ ಈ ಸೀಮೆಗೆ ಬಂದು ಉಳ್ಳಾಲದ ರಾಣಿಯನ್ನು ಕಂಡನು. ಅವಳು ಅಗೆಸುತ್ತಿದ್ದ ಕಾಲುವೆಗಳನ್ನು ನೋಡುವದಕ್ಕಾಗಿ ಬರಿಗಾಲಲ್ಲಿ ನಡೆದು ಹೋಗುತ್ತಿದ್ದಳು. ನೋಟಕ್ಕೆ ಅಡಿಗೆಯವಳಂತೆ ಕಂಡರೂ ಮಾತು ಕೇಳಿದಾಗ ವಿವೇಕವುಳ್ಳವಳೆಂದು ತಿಳಿಯಿತೆಂದು ಅವನು ಬರೆದಿದ್ದಾನೆ. ವಯಸ್ಸು ಸುಮಾರು ನಾಲ್ವತ್ತು ಎಂದೂ ಹೇಳುತ್ತಾನೆ. ೧೬೨೩ರಲ್ಲಿ ನಾಲ್ವತ್ತು ವರ್ಷದವಳು ೧೫೬೮ರಲ್ಲಿ ಹುಟ್ಟಿರಲೇ ಇಲ್ಲ! ಆದದರಿಂದ ನಾವು ಒಬ್ಬಳೆಂದು ಹೇಳುವ ಅಬ್ಬಕ್ಕನು ಒಬ್ಬಳಲ್ಲ, ಒಬ್ಬಳಾದ ಮೇಲೆ ಒಬ್ಬಳು ಆಳಿದ ರಾಣಿಯರು ಎಂದು ತಿಳಿಯಬೇಕಾಗುತ್ತದೆ. ಇದರಿಂದ ಆಕೆಯ ಕೀರ್ತಿಯು ಕುಂದುವದಿಲ್ಲ. ಶೂರಳಾದ ಒಬ್ಬ ಹೆಂಗಸು ಆಶ್ಚರ್ಯವೆನಿಸಬಹುದು. ಹೆಂಗಸರು ಸಾಲಾಗಿ ಆಳಿದ ಊರು ಅದಕ್ಕಿಂತಲೂ ದೊಡ್ಡದು.

ಮುಂದೆ ಬಹುಕಾಲ ಹೊಳೆಯನ್ನು ದಾಟಲು ದೋಣಿಯೇ ಗತಿಯಾಗಿತ್ತು. ೧೯೦೭ರಲ್ಲಿ ರೈಲು ನೇತ್ರಾವತಿಯನ್ನು ದಾಟಿ ಮಂಗಳೂರಿಗೆ ಬಂತು. ತರುವಾಯ ರಸ್ತೆಯ ಸೇತುವೆಯೂ ಆಯಿತು. ಅಂದಿನಿಂದ ಉಳ್ಳಾಲದವರು ಬೆಳಿಗ್ಗೆ ಮಂಗಳೂರಿಗೆ ಹೋಗಿ ಸಾಯಂಕಾಲ ಮನೆಗೆ ಬರುವವರಾದರು. ಉಪನಗರವೆಂದರೆ ಇದೇ. ಆದರೂ ಊರು ತನ್ನ ಕಸಬನ್ನು ಬಿಡಲಿಲ್ಲ. ಕಡಲಿನ ಮೀನುಗಾರಿಕೆಯುಂಟು; ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದವರು ಬೆಳೆಸಿದ ಗೇರುತಳಿಗಳಿಗೆ ಉಳ್ಳಾಲವೆಂಬ ಹೆಸರೇ ಉಂಟು. ಸೋಮನಾಥ ದೇವಸ್ಥಾನ, ಸಯ್ಯಿದ್ ಮದನಿಯವರ ದರ್ಗಾ, ಪೆರ್ಮನ್ನೂರಿನ ಇಗರ್ಜಿ, ಈ ಮೂರೂ ಸಮೀಪ ಸಮೀಪದಲ್ಲಿರುತ್ತವೆ.

ಇನ್ನು ಜನಸಂಖ್ಯೆ. ೨೦೦೧ರ ಗಣತಿಯಲ್ಲಿ ಉಳ್ಳಾಲದ ಜನರು ೪೯,೮೬೨; ೨೦೧೧ರಲ್ಲಿ ೫೩,೭೭೩. ಹತ್ತು ವರ್ಷಗಳಲ್ಲಿ ಹೆಚ್ಚಿದವರು ೩,೯೧೧, ಅಂದರೆ ನೂರಕ್ಕೆ ಸುಮಾರು ಎಂಟು. ಅದೇ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ನೂರಕ್ಕೆ ಹತ್ತರಂತೆ ಬೆಳೆಯಿತು. ಹಾಗಾದರೆ ಉಳ್ಳಾಲವು ಹಿಂದೆ ಬಿತ್ತೋ? ಅವಸರಪಡಬಾರದು. ಗಣತಿಯು ಎಲ್ಲೆಯೊಳಗಿನವರನ್ನು ಮಾತ್ರ ಎಣಿಸುತ್ತದೆ. ನೆರೆಯ ಕೋಟೆಕಾರು, ಸೋಮೇಶ್ವರಗಳು ಹಳ್ಳಿಗಳಾಗಿದ್ದು ಈಗ ತಾವೇ ಪಟ್ಟಣಗಳಾಗಿವೆ. ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳೂ ಕೊಣಾಜೆಯಲ್ಲಿ ೧೯೮೦ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯವೂ ಉಂಟು. ಎಲ್ಲೆಯ ಹೊರಗೆ ಕಟ್ಟಿದ ಮನೆಗಳು ಉಳ್ಳಾಲದ ಲೆಕ್ಕಕ್ಕೆ ಸೇರುವದಿಲ್ಲ. ಒಳಗಾದರೋ ಸ್ಥಳವೇ ಇಕ್ಕಟ್ಟು; ಪಡುವಲಲ್ಲಿ ಕಡಲ್ಕೊರೆತವು ಮಳೆಗಾಲದಲ್ಲಿ ಮನೆ, ತೆಂಗುಗಳನ್ನು ನುಂಗಿದ್ದುಂಟು. ಸಂಖ್ಯೆಯನ್ನು ಓದುವ ಮೊದಲು ನಕ್ಷೆಯನ್ನು ನೋಡಬೇಕೆಂಬದಕ್ಕೆ ಇದೇ ದೃಷ್ಟಾಂತ.

ಎಲ್ಲೆಯಿಂದ ಬರುವ ತಪ್ಪಿಗಿಂತ ದೊಡ್ಡದಾದ ಇನ್ನೊಂದು ತಪ್ಪು ಮನೆಯ ಹೊಸ್ತಿಲಲ್ಲಿಯೇ ಆಗುತ್ತದೆ. ನಮ್ಮ ಎಷ್ಟೋ ವಿದ್ಯಾರ್ಥಿನಿಯರ ಶುಲ್ಕವು ತಾಯಂದಿರು ಬೀಡಿ ಕಟ್ಟಿದ ಹಣದಿಂದ ಬಂದದ್ದನ್ನು ನಾವು ಬಲ್ಲೆವು. ರಾತ್ರಿ ದೀಪದ ಮುಂದೆ ಕಟ್ಟಿ, ಬೆಳಿಗ್ಗೆ ಬ್ರಾಂಚಿಗೆ ಒಯ್ದು ಕೊಡುವ ಆ ತಾಯಿಯ ವಿಷಯವಾಗಿ ಗಣತಿಯವರು ಕೇಳಿದಾಗ, "ಅವಳಿಗೆ ಕೆಲಸವಿಲ್ಲ, ಮನೆಯಲ್ಲಿಯೇ ಇರುತ್ತಾಳೆ" ಎಂದು ಮನೆಯವರು ಉತ್ತರಿಸಿದರೆ, ದುಡಿಯುವವರ ಲೆಕ್ಕದಿಂದ ಆಕೆಯು ಅಳಿಸಿ ಹೋಗುವಳು. ಬರಿಗಾಲಲ್ಲಿ ನಡೆದ ರಾಣಿಯನ್ನು ಪರದೇಶದವನೊಬ್ಬನು ನಿಂತು ನೋಡಿ ಬರೆದದರಿಂದ ಆಕೆಯ ಕೆಲಸವು ನಮಗೆ ತಿಳಿಯಿತು. ಈ ತಾಯಂದಿರ ಕೆಲಸವನ್ನು ಬರೆಯಿಸುವವರು ಯಾರು?

೨೦೨೧ರಲ್ಲಿ ಆಗಬೇಕಾಗಿದ್ದ ಗಣತಿಯು ಮುಂದಕ್ಕೆ ಹೋಗಿ, ೨೦೨೭ನೇ ಮಾರ್ಚ್ ೧ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಯತಕ್ಕದ್ದೆಂದು ೨೦೨೫ರಲ್ಲಿ ಸರಕಾರವು ಪ್ರಕಟಿಸಿತು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ವಿವರವನ್ನು ನೀವೇ ಮುಂದೆ ಬಂದು ಹೇಳಿರಿ; ತಾಯಿಯ ಕೆಲಸವನ್ನು ಕೆಲಸವೆಂದೇ ಬರೆಯಿಸಿರಿ. ಹೆತ್ತವರೇ, ಮಗಳು ಹತ್ತಿರ ಕೂತು ಕೇಳುವಂತೆ ಮಾಡಿರಿ.

ಮನೆಯಲ್ಲಿ ಮಾಡತಕ್ಕ ಅಭ್ಯಾಸ:

೧. ನಿಮ್ಮ ಊರಿನ ಎಲ್ಲೆಗಳನ್ನು ನಕ್ಷೆಯಲ್ಲಿ ಗುರುತಿಸಿರಿ. ಎಲ್ಲೆಯಾಚೆಗೆ ಬೆಳೆದ ಬೀದಿಗಳು ಯಾವವು?
೨. ಅಜ್ಜಿಯು ಯಾವ ಊರಿಂದ, ಯಾವ ಕಾರಣಕ್ಕೆ ಇಲ್ಲಿಗೆ ಬಂದರೆಂದು ಕೇಳಿ ಬರೆಯಿರಿ.
೩. ನಿಮ್ಮ ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ? ಉತ್ತರವನ್ನು ಬರೆದ ಮೇಲೆ ಇನ್ನೊಮ್ಮೆ ಎಣಿಸಿರಿ.