ಸಾದಿಲ್ವಾರಿನಲ್ಲಿ ಸೋರಿಹೋದ ಗೇರ್‌ಬಾಕ್ಸು

ನಮ್ಮ ಶೆಡ್ಡಿನ ಸಿಮೆಂಟು ನೆಲದ ಮೇಲೆ ಹಳೆಯ ಎಂಟಾಣೆಯಗಲದ ಕೆಂಪು ಕಲೆಗಳು ಕಾಣಿಸಿಕೊಂಡಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಇಪ್ಪತ್ತು ವರ್ಷಗಳಿಂದ ತೋಟದಲ್ಲಿಯೇ ಇರುವ, ಬಾಯಲ್ಲಿ ಕವಳವಿಲ್ಲದೆ ನಾನೆಂದೂ ಕಾಣದ ಆಳೊಬ್ಬನನ್ನು ಕರೆದು ಗದರಿಸಿದ್ದು. ಆತನು ನಿಧಾನವಾಗಿ ಬಾಗಿ, ಕಲೆಯನ್ನು ಬೆರಳಿನಿಂದ ಸವರಿ, ಮೂಗಿಗೆ ಹಿಡಿದು, “ನನ್ ಕವಳ ಇಷ್ಟು ಜಿಡ್ಡಿರಲ್ಲ ಅಯ್ಯಾ, ಇದು ನಿಮ್ಮ ಜೀಪಿನದ್ದು” ಎಂದು ಹೇಳಿ ಹೊರಟುಹೋದನು. ಆ ದಿನ ಅವನ ಮಾತಿಗೆ ಸಲ್ಲಬೇಕಾದ ಬೆಲೆಯನ್ನು ನಾನು ಸಲ್ಲಿಸಿದ್ದಿದ್ದರೆ ಈ ತಿಂಗಳ ಅಂಕಣಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಜೀಪು ಎಂದು ನಾವು ಮಲೆನಾಡಿನವರು ರೂಢಿಯಿಂದ ಕರೆಯುವ ಆ ವಾಹನವು ವಾಸ್ತವವಾಗಿ ಆಟೋಮ್ಯಾಟಿಕ್ ಗೇರಿನ ದೊಡ್ಡ ಫೋರ್‌ವೀಲ್ ಡ್ರೈವ್ ಗಾಡಿ; ವಾರಂಟಿ ಮುಗಿದು ಎಂಟು ತಿಂಗಳಾಗಿತ್ತು. ಹಾಸನದ ಗ್ಯಾರೇಜಿನಲ್ಲಿ ಅದನ್ನು ಲಿಫ್ಟಿಗೇರಿಸಿ ನೋಡಿದಾಗ, ಗೇರ್‌ಬಾಕ್ಸಿನಿಂದ ಮುಂದಿನ ಕೂಲರಿಗೆ ಎಣ್ಣೆಯನ್ನು ಒಯ್ದು ತರುವ ಎರಡು ಲೈನುಗಳಲ್ಲಿ ಒಂದು, ಉಕ್ಕಿನ ಕೊಳವೆಯೂ ರಬ್ಬರ್ ಹೋಸೂ ಕೂಡುವ ಕ್ರಿಂಪಿನ ಬಳಿಯಲ್ಲಿ, ಬೆವರಿದಂತೆ ಒದ್ದೆಯಾಗಿರುವುದು ಕಂಡುಬಂದಿತು. ಚಾಸಿಗೆ ಬಿಗಿದ ಬ್ರಾಕೆಟ್ಟಿನ ಹಿಂಬದಿಯಲ್ಲಿ ನಮ್ಮ ತೋಟದ ಕೆಂಪುಮಣ್ಣು ಮಳೆಗಾಲದ ನಾಲ್ಕು ತಿಂಗಳ ತೇವವನ್ನು ಹೀರಿಕೊಂಡು ಇಟ್ಟಿಗೆಯಂತೆ ಕುಳಿತಿದ್ದು, ಮೆಕ್ಯಾನಿಕ್ಕು ಅದನ್ನು ಸ್ಕ್ರೂಡ್ರೈವರಿನಿಂದ ಕೆದರಿದಾಗ ಮಣ್ಣಿನೊಡನೆ ಕೊಳವೆಯ ತುಕ್ಕೂ ಹಕ್ಕಳೆ ಹಕ್ಕಳೆಯಾಗಿ ನನ್ನ ಕಾಲಬಳಿ ಉದುರಿತು. “ಎರಡೂ ಲೈನ್ ಬದಲಾಯಿಸಿಬಿಡಿ ಸಾರ್, ಹದಿಮೂರು ಸಾವಿರದ ಆರುನೂರಾಗುತ್ತೆ” ಎಂದನು. ನಾನು ಕೇಳಿದೆನು: “ಸದ್ಯಕ್ಕೆ ಏನಾದರೂ ಮಾಡಬಹುದೇನಯ್ಯಾ?”

ಈ ‘ಸದ್ಯಕ್ಕೆ’ ಎಂಬ ಶಬ್ದದಷ್ಟು ದುಬಾರಿಯಾದದ್ದು ಕನ್ನಡದಲ್ಲಿ ಮತ್ತೊಂದಿದೆಯೆಂದು ನನಗೆ ತೋರುವುದಿಲ್ಲ. ಸದ್ಯಕ್ಕೆಂದು ಆತನು ಕ್ರಿಂಪನ್ನು ಕತ್ತರಿಸಿ ತೆಗೆದು, ಹೀಟರಿಗೆ ಹಾಕುವ ಹೋಸಿನ ಗೇಣುದ್ದದ ತುಂಡೊಂದನ್ನು ತೂರಿಸಿ, ಎರಡು ಕ್ಲಾಂಪು ಬಿಗಿದು, 380 ರೂಪಾಯಿ ತೆಗೆದುಕೊಂಡನು. ಆ ಹೋಸು ನೀರಿಗೂ ಕೂಲಂಟಿಗೂ ಮಾಡಿದ್ದು. ಕಾದ ಎಣ್ಣೆಯಲ್ಲಿ ಅದು ಉಬ್ಬಿ ಮೆತ್ತಗಾಗುವುದೆಂಬುದು ಅವನಿಗೂ ತಿಳಿದಿತ್ತು, ನನಗೂ ಹೇಳಿದನು. ಕೇಳಿಸಿಕೊಂಡು, 13,220 ರೂಪಾಯಿ ಉಳಿಸಿದೆನೆಂಬ ಸಂತೋಷದಲ್ಲಿ ದಾರಿಯಲ್ಲಿ ದೋಸೆ ತಿಂದು ಮನೆಗೆ ಬಂದೆನು.

ಮುಂದಿನ ಹದಿನಾಲ್ಕು ತಿಂಗಳು ಕಲೆಗಳು ಒಮ್ಮೆ ಮಾಯವಾಗಿ ಒಮ್ಮೆ ಮೂಡುತ್ತಿದ್ದವು. ನಿಂತ ಗಾಡಿಯಡಿಯಲ್ಲಿ ನಾಲ್ಕೇ ಹನಿಯಲ್ಲವೆ ಎಂದು ನಾನು ಸಮಾಧಾನ ತಂದುಕೊಳ್ಳುತ್ತಿದ್ದೆನಾದರೂ, ಪಂಪಿನ ಒತ್ತಡವಿರುವುದು ಎಂಜಿನ್ನು ತಿರುಗುತ್ತಿರುವಾಗ ಮಾತ್ರವಾದ್ದರಿಂದ ನಿಜವಾದ ಸೋರಿಕೆಯೆಲ್ಲ ನಾನು ಕಾಣದ ಹಾದಿಯ ಮೇಲೆ ಆಗುತ್ತಿತ್ತು. ಕಡ್ಡಿ ಎಳೆದು ನೋಡುವುದು, ಕಡಮೆಯಾಗಿದ್ದರೆ ಡಬ್ಬಿಯಿಂದ ಸುರಿಯುವುದು. ಡಬ್ಬಿಯೊಂದಕ್ಕೆ 900 ರೂಪಾಯಿ. ತೋಟದ ರೈಟರು ಪ್ರತಿಯೊಂದನ್ನೂ ಕಿರ್ದಿಯಲ್ಲಿ ಬರೆದಿಟ್ಟಿದ್ದರು. ಆದರೆ ಬರೆದದ್ದು ಸಾದಿಲ್ವಾರಿನಲ್ಲಿ, ಅಂದರೆ ಪೊರಕೆ, ಬಲ್ಬು, ನಾಯಿಯ ಇಂಜಕ್ಷನ್ನು ಇವುಗಳ ಸಾಲಿನಲ್ಲಿ. ಹಾಗೆ ಬರೆದದ್ದನ್ನು ಯಾರೂ ಕೂಡಿಸಿ ನೋಡುವುದಿಲ್ಲ.

ಫೆಬ್ರವರಿಯಲ್ಲಿ, ರೊಬಸ್ಟಾ ಕುಯ್ಲು ಮುಗಿಯುವ ಹೊತ್ತಿಗೆ, ಚೆರ್ರಿ ಮೂಟೆಗಳ ಟ್ರೇಲರನ್ನು ಕಟ್ಟಿಕೊಂಡು ಕೆಳಗಿನ ಕೆರೆಯಿಂದ ಲೋ ರೇಂಜಿನಲ್ಲಿ ಏರುತ್ತಿದ್ದಾಗ ಎಂಜಿನ್ನು ಭೋರೆಂದಿತು, ಗಾಲಿ ತಿರುಗಲಿಲ್ಲ. ಇಳಿದು ನೋಡಿದರೆ ಕ್ಲಾಂಪು ಕೊಳವೆಯ ಮೇಲೇ ಇದೆ. ಹೋಸು ಮಾತ್ರ ಬೆಂದ ಗೆಣಸಿನಂತೆ ಜಾರಿ ಕೆಳಗೆ ನೇತಾಡುತ್ತಿದೆ. ಅಲ್ಲಿಯೇ ನಿಲ್ಲಿಸಿ ಟ್ರಾಕ್ಟರು ತರಿಸಿದ್ದರೆ ಗೇರ್‌ಬಾಕ್ಸು ಬದುಕಿಕೊಳ್ಳುತ್ತಿತ್ತೋ ಏನೋ! ನಾನು ಹೋಸನ್ನು ತಂತಿಯಿಂದ ಕಟ್ಟಿಸಿ, ಇದ್ದ ಎರಡು ಡಬ್ಬಿಯನ್ನು ಸುರಿದು, ಸುಟ್ಟ ವಾಸನೆಯನ್ನು ಮೂಗಿನಲ್ಲಿಟ್ಟುಕೊಂಡೇ ಅರ್ಧ ಮೈಲಿ ಏರಿಸಿ ಕಣಕ್ಕೆ ತಂದೆನು. ಒಳಗಿನ ಕ್ಲಚ್ ಪ್ಲೇಟುಗಳು ಕರಿಬೂದಿಯಾಗಿದ್ದವು. ಅವುಗಳ ಪುಡಿ ಕೂಲರಿನ ಸಂದಿಗಳಲ್ಲೆಲ್ಲ ಹೊಕ್ಕಿದ್ದು, ಹಳೆಯ ಕೂಲರನ್ನೇ ಉಳಿಸಿಕೊಂಡರೆ ಹೊಸ ಪ್ಲೇಟುಗಳಿಗೂ ಅದೇ ಗತಿಯೆಂದಾದ ಕಾರಣ ಅದನ್ನೂ ಬದಲಾಯಿಸಿ, ಮಜೂರಿ ಸೇರಿ 2,30,000 ರೂಪಾಯಿ ಬಿದ್ದಿತು. ಹೊಸ ಲೈನುಗಳಿಗೆ ಬೇರೆ 13,600.

ಈಗ ಲೆಕ್ಕಕ್ಕೆ ಬರೋಣ. ರಿಪೇರಿಯನ್ನು ಮುಂದೂಡಿದವನು ತಾನು ಅಸಲನ್ನೇ ಉಳಿಸಿದೆನೆಂದು ಎಣಿಸುತ್ತಾನೆ. ಆದರೆ ಆ ರಿಪೇರಿ ಇಂದಲ್ಲದಿದ್ದರೆ ನಾಳೆ ಮಾಡಿಸಲೇಬೇಕಾದದ್ದಾದ್ದರಿಂದ, ಅವನಿಗೆ ಉಳಿಯುವುದು ಅಸಲಲ್ಲ, ನಡುವಿನ ಕಾಲದ ಬಡ್ಡಿ ಮಾತ್ರ. ನನ್ನ ಕೈಯಲ್ಲಿ ಉಳಿದದ್ದು 13,220. ಶೇಕಡಾ 7ರ ಠೇವಣಿಯಲ್ಲಿ ವರ್ಷಕ್ಕೆ 925 ರೂಪಾಯಿ. ಮಿಕ್ಕೆರಡು ತಿಂಗಳಿಗೆ 154. ಒಟ್ಟು ಸುಮಾರು 1,080. ತೆರಿಗೆಯನ್ನು ಬಿಟ್ಟೇ ಹೇಳುತ್ತಿದ್ದೇನೆ. ಇದರಲ್ಲಿ ತೇಪೆಗೆ ಕೊಟ್ಟ 380 ನೀರುಪಾಲಾದದ್ದರಿಂದ ಅದನ್ನು ಕಳೆಯಬೇಕು: 700. ಹದಿನಾಲ್ಕು ತಿಂಗಳ ನನ್ನ ಜಾಣತನದ ಸಮಗ್ರ ಆದಾಯವಿದು. ಈ 700ಕ್ಕೆ ಎದುರಾಗಿ ನಾನು ಪಣಕ್ಕಿಟ್ಟದ್ದು 2,30,000. ಅಂದರೆ ಸುಮಾರು ಮುನ್ನೂರ ಇಪ್ಪತ್ತೆಂಟು ಸಲ ಇದೇ ಆಟವಾಡಿ ಒಮ್ಮೆ ಮಾತ್ರ ಸೋತರೂ ಲಾಭವಿಲ್ಲ, ನಷ್ಟವಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ರೈಟರನ್ನು ಕೂರಿಸಿಕೊಂಡು ಸಾದಿಲ್ವಾರಿನಿಂದ ಎಣ್ಣೆಯ ಬಾಬತ್ತುಗಳನ್ನು ಹೆಕ್ಕಿಸಿದಾಗ ಹನ್ನೊಂದು ಡಬ್ಬಿಗಳಾದವು: 9,900. ಗೇರ್‌ಬಾಕ್ಸು ಚಿರಂಜೀವಿಯಾಗಿದ್ದಿದ್ದರೂ ನಾನು 9,200 ರೂಪಾಯಿ ಕಳೆದುಕೊಂಡೇ ಇದ್ದೆನು.

ವಿಮೆಯಿರಲಿಲ್ಲವೇ ಎಂದು ಕೇಳುವಿರಿ. ಇತ್ತು, ‘ಎಂಜಿನ್ ಮತ್ತು ಗೇರ್‌ಬಾಕ್ಸ್ ರಕ್ಷಣೆ’ ಎಂಬ ಭವ್ಯವಾದ ಹೆಸರಿನ ಆಡ್-ಆನ್ ಕೂಡ ಇತ್ತು. ಸರ್ವೇಯರರು ಬಂದು, ಟಾರ್ಚು ಬಿಟ್ಟು ನೋಡಿ, ಫೋಟೋ ತೆಗೆದುಕೊಂಡು ಹೋದರು. ಎರಡು ವಾಕ್ಯದ ಪತ್ರ ಬಂದಿತು. ನೀರು ನುಗ್ಗಿದರೆ ಉಂಟು, ಅಡಿಗೆ ಬಂಡೆ ತಗಲಿ ಎಣ್ಣೆ ಸೋರಿದರೆ ಉಂಟು. ತುಕ್ಕಿನಿಂದಲೂ ಸವೆತದಿಂದಲೂ ಆದದ್ದಕ್ಕೆ ಇಲ್ಲ. ಷರತ್ತಿನಲ್ಲಿ ಹಾಗೆಯೇ ಬರೆದಿದೆ, ಅವರ ತಪ್ಪೇನೂ ಇಲ್ಲ; ಆದರೆ ಯಂತ್ರಗಳು ಹಾಳಾಗುವುದು ಬಹುಮಟ್ಟಿಗೆ ತುಕ್ಕಿನಿಂದಲೂ ಸವೆತದಿಂದಲೂ ಅಲ್ಲವೆ? ಅವೆರಡನ್ನೂ ಬಿಟ್ಟ ಮೇಲೆ ‘ರಕ್ಷಣೆ’ಯೆಂಬ ಹೆಸರಿಡುವ ಧೈರ್ಯ ಹೇಗೆ ಬಂದಿತೋ ತಿಳಿಯದು! ಆ ಆಡ್-ಆನ್ ಅನ್ನು ಈ ವರ್ಷ ತೆಗೆಸಿಹಾಕಿದ್ದೇನೆ. ಹೊಳೆ ದಾಟುವವರು ಬೇಕಾದರೆ ಇಟ್ಟುಕೊಳ್ಳಲಿ. ಇನ್ನು ಸೋರಿಕೆ ನಿಲ್ಲಿಸುವುದೆಂದು ಮಾರುವ ಬಾಟಲಿಯ ದ್ರಾವಣವೊಂದನ್ನು ನಡುವೆ 1,150 ಕೊಟ್ಟು ಸುರಿದಿದ್ದೆನೆಂಬುದನ್ನು ನಾಚಿಕೆಯಿಂದ ಲೆಕ್ಕಕ್ಕೆ ಸೇರಿಸಿಲ್ಲ. ಅದು ಒಣಗಿದ ಸೀಲನ್ನು ಉಬ್ಬಿಸಬಲ್ಲುದೇ ಹೊರತು ಉಕ್ಕಿನ ತೂತನ್ನು ಮುಚ್ಚಲಾರದು.

ಇಷ್ಟಕ್ಕೂ 13,600 ಕೊಡಲೇಬೇಕೆಂದೇನೂ ಇರಲಿಲ್ಲ. ಜೆಸಿಬಿಗಳ ಹೋಸುಗಳನ್ನು ಕ್ರಿಂಪ್ ಮಾಡಿಕೊಡುವ ಹೈಡ್ರಾಲಿಕ್ ಅಂಗಡಿಗಳು ಈಗ ನಮ್ಮ ಕಡೆಯೂ ಉಂಟು; ಎಣ್ಣೆಗೂ ಶಾಖಕ್ಕೂ ತಡೆಯುವ ಹೋಸನ್ನೇ ಕೇಳಿ, ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ, ತುದಿಯನ್ನು ಫ್ಲೇರ್ ಮಾಡಿಸಿದರೆ 4,000ದ ಆಸುಪಾಸಿನಲ್ಲಿ ಮುಗಿಯುತ್ತಿತ್ತೆಂದು ಆಮೇಲೆ ವಿಚಾರಿಸಿ ತಿಳಿದೆನು. ಆಮೇಲೆ ವಿಚಾರಿಸುವುದು ನನ್ನ ಹಳೆಯ ಅಭ್ಯಾಸ.

ಅಭ್ಯಾಸದ ಮಾತು ಬಂದುದರಿಂದ ಹೇಳುತ್ತೇನೆ. ಒಂದೇ ಬಾಬತ್ತು ಎರಡನೆಯ ಸಲ ಸಾದಿಲ್ವಾರಿಗೆ ಬಂದರೆ ಅದಕ್ಕೆ ಬೇರೆ ಪುಟ ತೆರೆಯಬೇಕೆಂದು ರೈಟರಿಗೆ ಕಟ್ಟಪ್ಪಣೆ ಮಾಡಿದ್ದೇನೆ; ಮಳೆ ನಿಂತ ಮೇಲೆ, ಮೇಲಿನ ಬಣ್ಣಕ್ಕೆ ಪಾಲೀಶು ಹಾಕಿಸುವ ಮೊದಲು, ಗಾಡಿಯ ಅಡಿಯ ಮಣ್ಣನ್ನು ತೊಳೆಸಿ, ಬ್ರಾಕೆಟ್ಟುಗಳ ಹಿಂದೆ ಬೆರಳಾಡಿಸಿ ನೋಡುತ್ತೇನೆ. ನೆರೆತೋಟದವರು ಇದನ್ನು ಕಂಡು ನಗುತ್ತಾರೆ. ಅವರ ಶೆಡ್ಡಿನ ನೆಲವನ್ನು ನಾನು ನೋಡಿದ್ದೇನೆ, ಏನೂ ಹೇಳಿಲ್ಲ.

ಕಳೆದ ವಾರ ನಮ್ಮ ನೆಲದ ಮೇಲೆ ಮತ್ತೆ ಕೆಂಪು ಕಲೆ ಕಂಡಿತು. ಎದೆ ಧಸಕ್ಕೆಂದು, ಪಂಚೆಯನ್ನು ಎತ್ತಿಕಟ್ಟಿ, ಬಾಗಿ, ಬೆರಳಿನಿಂದ ಸವರಿ ಮೂಸಿದೆನು: ಎಲೆಯಡಿಕೆ, ಸುಣ್ಣ, ಹೊಗೆಸೊಪ್ಪು. ಆಳನ್ನು ಕರೆಯಲೂ ಇಲ್ಲ, ಗದರಿಸಲೂ ಇಲ್ಲ. ನೆಲ ತೊಳೆಸಿದ ಸೋಪುಪುಡಿಯ ಹತ್ತು ರೂಪಾಯಿಯನ್ನು ರೈಟರು ಸಾದಿಲ್ವಾರಿನಲ್ಲಿ ಬರೆದಿದ್ದಾರೆ.