ಹಿಂದೆ ನಿಂತು ಆಡಿಸಿದವನು

ತಮ್ಮಾ, ಕೋಚ್ ನಿನ್ನನ್ನು ಫಾರ್ವರ್ಡ್‌ಗಳ ಬೆನ್ನ ಹಿಂದಿನ ಜಾಗದಿಂದ ತೆಗೆದು ಡಿಫೆನ್ಸ್ ಮುಂದೆ ನಿಲ್ಲಿಸಿದರು ಎಂದು ಮುಖ ಸಣ್ಣ ಮಾಡಿಕೊಂಡಿದ್ದೀಯಂತೆ, ನಿನ್ನಮ್ಮ ಹೇಳಿದಳು. ಅದು ಶಿಕ್ಷೆ ಎಂದು ತೀರ್ಮಾನಿಸುವ ಮೊದಲು ಆಂದ್ರೆಯಾ ಪಿರ್ಲೋನ ಆಟವನ್ನು ಕೂತು ನೋಡು. ಅವನನ್ನೂ ಹೀಗೇ ಹಿಂದಕ್ಕೆ ತಂದು ನಿಲ್ಲಿಸಿದ್ದರು.

ಇಟಲಿಯ ಬ್ರೆಷಾ ಕಡೆಯ ಹುಡುಗ ಅವನು. 1995ರಲ್ಲಿ, 16ರ ವಯಸ್ಸಿಗೇ, ತನ್ನೂರ ತಂಡದ ಪರವಾಗಿ ಸೀರಿ ಎ ಆಡಿದ. ಆಗ ಅವನೂ ನಿನ್ನ ಹಾಗೇ 10 ನಂಬರಿನ ಜಾಗದವನು. 1998ರಲ್ಲಿ ಇಂಟರ್ ಮಿಲಾನ್ ಕೊಂಡುಕೊಂಡಿತು, ಆದರೆ ಅಲ್ಲಿ ನೆಲೆಯೂರಲಿಲ್ಲ. 2001ರಲ್ಲಿ ಲೋನ್ ಮೇಲೆ ಬ್ರೆಷಾಕ್ಕೆ ಮರಳಿದರೆ, ಅವನು ಆಡಬೇಕಿದ್ದ ಜಾಗದಲ್ಲಿ ರೊಬೆರ್ತೊ ಬಾಜ್ಜೊ ಇದ್ದ. ಬಾಜ್ಜೊನನ್ನು ಯಾರು ತಾನೇ ಕೂರಿಸುತ್ತಾರೆ? ಹಿರಿಯ ಕೋಚ್ ಕಾರ್ಲೊ ಮಾತ್ಸೋನೆ ಪಿರ್ಲೋನನ್ನು ಡಿಫೆಂಡರ್‌ಗಳ ಮುಂದೆ ಆಡಿಸಿದರು.

ಆ ಏಪ್ರಿಲ್ 1ರಂದು ಟ್ಯೂರಿನ್‌ನಲ್ಲಿ ಯುವೆಂಟಸ್ ಎದುರು ಬ್ರೆಷಾ ಒಂದು ಗೋಲು ಹಿಂದಿತ್ತು. ದೂರದಿಂದ ಪಿರ್ಲೋ ಎತ್ತಿ ಕೊಟ್ಟ ಚೆಂಡು ಡಿಫೆಂಡರ್‌ಗಳ ತಲೆ ದಾಟಿ ಓಡುತ್ತಿದ್ದ ಬಾಜ್ಜೊನ ಕಾಲಿಗೇ ಬಂತು. ಅವನು ಒಂದೇ ಟಚ್‌ನಲ್ಲಿ ಅದನ್ನು ಹಿಡಿತಕ್ಕೆ ತಂದು, ಗೋಲ್‌ಕೀಪರ್‌ನನ್ನು ಬಳಸಿ ಗೋಲು ಹೊಡೆದ. ಜನ ಬಾಜ್ಜೊನ ಗೋಲು ಎಂದೇ ಕೊಂಡಾಡುತ್ತಾರೆ. ನನ್ನ ಲೆಕ್ಕದಲ್ಲಿ ಅರ್ಧ ಪಿರ್ಲೋನದು.

ಮುಂದೆ ಆಡುವಾಗ ಎದುರಾಳಿ ಬೆನ್ನಿಗೇ ಅಂಟಿರುತ್ತಾನೆ, ತಿರುಗುವಷ್ಟರಲ್ಲಿ ಚೆಂಡು ಹೋಗಿರುತ್ತದೆ. ಹಿಂದೆ ನಿಂತರೆ ಇಡೀ ಮೈದಾನ ಕಣ್ಣೆದುರು. ಪಿರ್ಲೋನ ಓಟ ನಿಧಾನ, ಮೈಕಟ್ಟೂ ಅಷ್ಟಕ್ಕಷ್ಟೆ, ಆದರೆ ನೋಟದಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಮುಂದೆ ಎಸಿ ಮಿಲಾನ್ ಸೇರಿದ ಮೇಲೆ ಇದೇ ಜಾಗದಲ್ಲಿ ಆಡಿಸಿ ಎಂದು ಅವನೇ ಕೋಚ್ ಆಂಚೆಲೊಟ್ಟಿಯನ್ನು ಕೇಳಿಕೊಂಡ.

ಒಬ್ಬನೇ ಎಲ್ಲ ಮಾಡಿದ ಎಂದುಕೊಳ್ಳಬೇಡ. ಅವನ ಪಾಲಿನ ಓಟ, ತಳ್ಳಾಟವೆಲ್ಲ ಪಕ್ಕದ ಗಟ್ಟೂಸೊನದು. 2010ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಪಾರ್ಕ್ ಜಿ ಸಂಗ್ ಪಿರ್ಲೋನನ್ನು ನೆರಳಿನ ಹಾಗೆ ಹಿಂಬಾಲಿಸಿದಾಗ, ಓಲ್ಡ್ ಟ್ರಾಫರ್ಡ್‌ನಲ್ಲಿ ಮಿಲಾನ್ 4-0ಯಿಂದ ಸೋತಿತು. ನಿನ್ನ ಪರವಾಗಿ ಓಡುವ ಗೆಳೆಯನನ್ನು ಯಾವತ್ತೂ ಹಗುರಾಗಿ ಕಾಣಬೇಡ.

2005ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 3-0 ಮುಂದಿದ್ದ ಮಿಲಾನ್ ಕೊನೆಗೆ ಲಿವರ್‌ಪೂಲ್‌ಗೆ ಸೋತಿತು. ಶೂಟೌಟ್‌ನಲ್ಲಿ ಪಿರ್ಲೋನ ಪೆನಾಲ್ಟಿಯನ್ನು ಗೋಲ್‌ಕೀಪರ್ ದುದೆಕ್ ತಡೆದಿದ್ದ. ಆಟವನ್ನೇ ಬಿಟ್ಟುಬಿಡಬೇಕು ಅನ್ನಿಸಿತ್ತು ಎಂದು ಆಮೇಲೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮರುವರ್ಷ ವಿಶ್ವಕಪ್. ಡಾರ್ಟ್‌ಮಂಡ್‌ನಲ್ಲಿ ಜರ್ಮನಿ ಎದುರು ಸೆಮಿಫೈನಲ್, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದು 119ನೇ ನಿಮಿಷ. ಕಾರ್ನರ್ ಕಿಕ್ ಹೊರಬಂದು ಚೆಂಡು ಪೆನಾಲ್ಟಿ ಬಾಕ್ಸ್‌ನ ಅಂಚಿನಲ್ಲಿ ಪಿರ್ಲೋಗೆ ಸಿಕ್ಕಿತು. ಬೇರೆ ಯಾರಾಗಿದ್ದರೂ ಸಿಕ್ಕಿದ್ದೇ ತಡ ಹೊಡೆದುಬಿಡುತ್ತಿದ್ದರು. ಇವನು ಚೆಂಡನ್ನು ಅಡ್ಡಕ್ಕೆ ತಳ್ಳುತ್ತಾ ನಡೆದ. ಡಿಫೆಂಡರ್‌ಗಳು ಅವನತ್ತ ಸೆಳೆದುಬಂದರು. ಅವರ ನಡುವೆ ಸಂದು ಬಿಟ್ಟ ಕ್ಷಣಕ್ಕೆ, ಆ ಕಡೆ ನೋಡದೆಯೇ, ಚೆಂಡನ್ನು ಜೊತೆಗಾರ ಗ್ರೊಸ್ಸೊಗೆ ತೂರಿಸಿದ. ಗ್ರೊಸ್ಸೊ ಎಡಗಾಲಲ್ಲಿ ತಿರುಗಿಸಿ ಹೊಡೆದ, ಗೋಲು! ಆ ತುಣುಕನ್ನು ನಿಧಾನಗತಿಯಲ್ಲಿ ನೋಡು, ಗ್ರೊಸ್ಸೊನನ್ನಲ್ಲ, ಪಿರ್ಲೋನ ತಲೆಯನ್ನು. ಐದು ದಿನಗಳ ಬಳಿಕ ಬರ್ಲಿನ್‌ನಲ್ಲಿ ಫೈನಲ್ ಶೂಟೌಟ್‌ಗೆ ಹೋದಾಗ ಇಟಲಿಯ ಮೊದಲ ಪೆನಾಲ್ಟಿ ಹೊಡೆಯಲು ಹೋದವನು ಅವನೇ. ಒಳಗೆ ಹಾಕಿದ.

2011ರಲ್ಲಿ, 32ರ ವಯಸ್ಸಿನಲ್ಲಿ, ಮಿಲಾನ್‌ನ ಒಪ್ಪಂದ ಮುಗಿದು ಯುವೆಂಟಸ್ ಅವನನ್ನು ಕಾಸು ಕೊಡದೆ ಪಡೆಯಿತು. ಅಲ್ಲಿ ಆಡಿದ ನಾಲ್ಕು ವರ್ಷವೂ ಲೀಗ್ ಗೆದ್ದ.

ಅವನ ಫ್ರೀ ಕಿಕ್ಕನ್ನು ಸದ್ಯ ಅನುಕರಿಸಬೇಡ, ಅದಕ್ಕೆ ಕಾಲ ಬರುತ್ತದೆ. ಮೊದಲು ಕತ್ತು ತಿರುಗಿಸುವುದನ್ನು ಕಲಿ. ನಾಳೆಯಿಂದ ಗೆಳೆಯನೊಬ್ಬನನ್ನು ನಿನ್ನ ಹಿಂದೆ ನಿಲ್ಲಿಸಿಕೋ. ಇನ್ನೊಬ್ಬ ಮುಂದಿನಿಂದ ಪಾಸ್ ಕೊಡುವಾಗ, ಹಿಂದಿನವನು ಬೆರಳೆತ್ತಿ ಒಂದು ಸಂಖ್ಯೆ ತೋರಿಸಲಿ. ಚೆಂಡು ನಿನ್ನ ಕಾಲು ಮುಟ್ಟುವ ಮೊದಲೇ ಆ ಸಂಖ್ಯೆಯನ್ನು ಕೂಗಿ ಹೇಳಬೇಕು. ಎಡ ಹೆಗಲ ಮೇಲಿಂದ ನೋಡಿ ಒಮ್ಮೆ, ಬಲ ಹೆಗಲ ಮೇಲಿಂದ ಒಮ್ಮೆ. ಭಾನುವಾರ ನಾನೂ ಮೈದಾನಕ್ಕೆ ಬರುತ್ತೇನೆ, ಹಿಂದೆ ನಿಂತು ಬೆರಳು ತೋರಿಸುವ ಕೆಲಸ ನನಗಿರಲಿ.